ಮೂಗು ಮುಚ್ಚಿಕೊಂಡು ಮಾಡುವ ಕೆಲಸ

ಮನೆಯ ಅಡುಗೆಕೋಣೆಯಿಂದ,
ಮಾರ್ಚ್ ೯, ಭಾನುವಾರ ಬೆಳಗ್ಗೆ

ಪ್ರೀತಿಯ ಪುಟ್ಟು,

ನಲವತ್ತು ದಾಟಿದವನನ್ನು ಪುಟ್ಟು ಎಂದು ಕರೆಯಬೇಡ ಅಂತ ನೀನು ಎಷ್ಟೋ ಸಲ ಹೇಳಿದ್ದೀಯ. ಕರೆಯುತ್ತೇನೆ. ನಿನ್ನ ಸಿಂಬಳ ಒರೆಸಿದ ಕೈ ಇದು, ನಿನ್ನನ್ನು ಏನೆಂದು ಕರೆಯಬೇಕೆಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೇಗಿದ್ದೀಯ? ಮಂಡಿ ನೋವು ಹೇಗಿದೆ? ಮೆಟ್ಟಿಲು ಇಳಿಯುವುದು ಹತ್ತುವುದು ಆಗುತ್ತಿದೆಯಾ? ಊಟ ಸರಿಯಾಗಿ ಮಾಡುತ್ತಿದ್ದೀಯಾ? "ಏನೋ ಒಂದು ತಿಂದೆ" ಅನ್ನುವುದು ಊಟವಲ್ಲ, ಅದನ್ನು ನನಗೆ ಹೇಳಬೇಡ. ಪುಸ್ತಕದ ಕರಡು ತಿದ್ದುವ ಕೆಲಸ ಈಗಲೂ ಮನೆಗೇ ಬರುತ್ತಿದೆಯಾ, ಅಥವಾ ಅದನ್ನೂ ಬಿಟ್ಟೆಯಾ? ಕನ್ನಡಕದ ನಂಬರ್ ಬದಲಾಗಿದೆ ಅಂದಿದ್ದೆ, ಹೋಗಿ ತೋರಿಸಿದೆಯಾ? ಇಷ್ಟನ್ನೂ ಫೋನಿನಲ್ಲಿ ಒಂದು ಉಸಿರಿಗೆ ಕೇಳಬಹುದಿತ್ತು. ನೀನು ಫೋನ್ ಎತ್ತುವುದಿಲ್ಲ, ಮೆಸೇಜ್ ನೋಡುವುದಿಲ್ಲ. ಕಾಗದವಾದರೆ ಅಂಚೆಯವರು ಬಾಗಿಲ ಸಂದಿಯಿಂದ ಒಳಗೆ ತೂರಿಸಿ ಹೋಗುತ್ತಾರೆ, ಅದಕ್ಕೆ ನಿನ್ನ ಅಪ್ಪಣೆ ಬೇಕಿಲ್ಲ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ಅಕ್ಷರ ಕಾಗೆ ಕಾಲಿನ ಹಾಗಿದೆ, ಸಹಿಸಿಕೋ. ತಪ್ಪು ಕಂಡರೆ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸು, ಆ ನೆಪದಲ್ಲಾದರೂ ನಿನ್ನ ಕೈಬರಹ ನೋಡುತ್ತೇನೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಭಾವನಿಗೆ ರಕ್ತದೊತ್ತಡ, ಉಪ್ಪು ಕಡಿಮೆ ಮಾಡಿದ್ದಕ್ಕೆ ನನ್ನ ಮೇಲೆ ಮುನಿಸು. ನಿನ್ನ ಸೊಸೆ, ಅಂದರೆ ನನ್ನ ಮಗಳು, ಕೂದಲನ್ನು ಹುಡುಗರ ಹಾಗೆ ಕತ್ತರಿಸಿಕೊಂಡು ಬಂದಿದ್ದಾಳೆ. ನಾನು ಏನೂ ಅನ್ನಲಿಲ್ಲ. ನಾನು ಏನೂ ಅನ್ನಲಿಲ್ಲವಲ್ಲ ಅಂತ ಅವಳಿಗೆ ಸಿಟ್ಟು.

ಕೊನೆಯ ಸಲ ನೀನು ಫೋನ್ ಎತ್ತಿದಾಗ ಒಂದು ಪ್ರಶ್ನೆ ಕೇಳಿದ್ದೆ. "ಅಷ್ಟು ಒಳ್ಳೆ ಕೆಲಸ ಬಿಟ್ಟು ಕಂಡೋರ ಮನೆ ಕಸ ಬಳೀತಾ ಇದ್ದೀಯಂತೆ, ತಲೆಗಿಲೆ ಕೆಟ್ಟಿದ್ಯಾ ಅಕ್ಕಾ?" ನಾನು ಆಗ ಉತ್ತರ ಕೊಡಲಿಲ್ಲ, ಒಲೆಯ ಮೇಲೆ ಹಾಲಿತ್ತು. ಈಗ ಕೊಡುತ್ತೇನೆ. ಒಂದೇ ಎಚ್ಚರಿಕೆ, ತಿಂಡಿ ತಿನ್ನುತ್ತಾ ಓದಬೇಡ.

ನನ್ನ ಹೇಸಿಗೆಯ ಸ್ವಭಾವ ನಿನಗೆ ಗೊತ್ತೇ ಇದೆ. ಹಾಲಿನ ಮೇಲೆ ಕೆನೆ ಕಂಡರೆ ಎದ್ದು ಹೋಗುತ್ತಿದ್ದವಳು ನಾನು. ಬಸ್ಸಿನಲ್ಲಿ ಪಕ್ಕದವರು ಕೆಮ್ಮಿದರೆ ಒಂದು ನಿಲ್ದಾಣ ಮೊದಲೇ ಇಳಿಯುತ್ತಿದ್ದೆ. ಬಾಚಣಿಗೆಯಲ್ಲಿ ಬೇರೆಯವರ ಕೂದಲು ನೋಡಿದರೆ ನನಗೆ ಆ ದಿನ ಅನ್ನ ಸೇರುತ್ತಿರಲಿಲ್ಲ. ಇಂಥವಳಿಗೆ ಹೇಳಿ ಮಾಡಿಸಿದ ಹಾಗಿತ್ತು ಆ ಹಳೆಯ ಕೆಲಸ. ಕಟ್ಟಡ ಕಂಪನಿಯಲ್ಲಿ ಮಾದರಿ ಮನೆಗಳನ್ನು ಸಿಂಗರಿಸುವುದು. ಮನೆ ಕೊಳ್ಳಲು ಬರುವವರಿಗೆ ತೋರಿಸುವ, ಯಾರೂ ಎಂದೂ ವಾಸ ಮಾಡದ ಮನೆ. ಗಾಜಿನ ಬಟ್ಟಲಲ್ಲಿ ಪ್ಲಾಸ್ಟಿಕ್ ನಿಂಬೆಹಣ್ಣು. ಶೆಲ್ಫಿನಲ್ಲಿ ಪುಸ್ತಕಗಳ ಬೆನ್ನು ಮಾತ್ರ, ಕತ್ತರಿಸಿ ಹಲಗೆಗೆ ಅಂಟಿಸಿದ್ದು. ನೀನು ನೋಡಿದ್ದರೆ ನನ್ನ ಕುತ್ತಿಗೆ ಹಿಸುಕುತ್ತಿದ್ದೆ. ಒಳಗೆ ಯಂತ್ರವೇ ಇಲ್ಲದ ಫ್ರಿಜ್ಜು. ಗೋಡೆಯ ಮೇಲೆ ನಗುವ ಒಂದು ಸಂಸಾರದ ಚಿತ್ರ, ಆ ನಾಲ್ವರು ಒಬ್ಬರಿಗೊಬ್ಬರು ಏನೂ ಆಗಬೇಕಾಗಿರಲಿಲ್ಲ. ಬಾಗಿಲು ತೆಗೆದ ಕೂಡಲೇ ಆಗತಾನೇ ಕಾಫಿ ಇಳಿಸಿದ ಪರಿಮಳ ಬರಬೇಕು, ಅದಕ್ಕೊಂದು ಡಬ್ಬಿ ಸ್ಪ್ರೇ. ಧೂಳಿಲ್ಲ, ಕೂದಲಿಲ್ಲ, ಕೆನೆಯಿಲ್ಲ. ಇಪ್ಪತ್ತು ವರ್ಷ ನಾನು ಅದರಲ್ಲಿ ಸುಖವಾಗಿದ್ದೆ, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ನಮ್ಮ ಮಾಲೀಕ ಒಂದು ಹಳೆಯ ಕಟ್ಟಡದ ಫ್ಲ್ಯಾಟ್ ಕೊಂಡ. ಅವನಿಗೆ ನಾವಿಟ್ಟ ಹೆಸರು ನಗುಮುಖ. ಸಂಬಳ ಕತ್ತರಿಸುವಾಗಲೂ ನಗುತ್ತಿದ್ದ. ಆ ಫ್ಲ್ಯಾಟಿನಲ್ಲಿ ಒಬ್ಬ ಟೈಲರ್ ಒಂಟಿಯಾಗಿ ಇದ್ದರಂತೆ. ಸತ್ತುಹೋಗಿದ್ದರು. ಸತ್ತು ಎಷ್ಟೋ ವಾರ ಯಾರಿಗೂ ತಿಳಿದಿರಲಿಲ್ಲ. ಶುಚಿ ಮಾಡುವ ತಂಡ ಒಳಗೆ ಕೆಲಸ ಮಾಡುತ್ತಿರುವಾಗಲೇ ಅಳತೆ ತೆಗೆದುಕೊಂಡು ಬಾ ಎಂದು ನಗುಮುಖ ನನ್ನನ್ನು ಕಳಿಸಿದ. ಪುಟ್ಟು, ಆ ವಾಸನೆಯನ್ನು ನಾನು ಬಣ್ಣಿಸುವುದಿಲ್ಲ. ಅದು ಮೂಗಿಗೆ ಬರುವುದಿಲ್ಲ, ನಾಲಿಗೆಯ ಬುಡದಲ್ಲಿ ಬಂದು ಕೂರುತ್ತದೆ. ಹಾಸಿಗೆಯ ನಡುವೆ ಎಣ್ಣೆ ಚೆಲ್ಲಿದ ಹಾಗೆ ಮನುಷ್ಯನ ಆಕಾರದ ಕಲೆ, ಕೆಳಗೆ ಜೋಡಿಸಿಟ್ಟ ಚಪ್ಪಲಿ. ಕಿಟಕಿಯ ಗಾಜು ಪೂರ್ತಿ ಕಪ್ಪಾಗಿತ್ತು. ಪರದೆ ಎಂದುಕೊಂಡೆ, ಅದು ನೊಣ. ನಾನು ಮೆಟ್ಟಿಲಲ್ಲಿ ಕೂತು ಕರುಳು ಹೊರಬರುವ ಹಾಗೆ ವಾಂತಿ ಮಾಡಿಕೊಂಡೆ. ಕೆಳಗಿನ ಮಹಡಿಯ ಹೆಂಗಸು ನೀರು ತಂದುಕೊಟ್ಟಳು. ಒಳ್ಳೆಯವಳೇ. ಮಾತಿನ ಮಧ್ಯೆ ಹೇಳಿದಳು, "ನಮಗೂ ವಾಸನೆ ಬರ್ತಾನೇ ಇತ್ತು ಮೇಡಂ. ಇಲಿ ಸತ್ತಿರಬೇಕು ಅಂದ್ಕೊಂಡು ದಿನಾ ಸೆಂಟ್ ಹೊಡೀತಿದ್ವಿ." ಎದುರು ಮನೆಯವರೂ ಹೊಡೆಯುತ್ತಿದ್ದರಂತೆ. ಇಡೀ ಕಟ್ಟಡ ಮಲ್ಲಿಗೆ, ಗುಲಾಬಿ ಅಂತ ಡಬ್ಬಿ ಡಬ್ಬಿ ಹೊಡೆದಿದೆ, ಒಬ್ಬನಾದರೂ ಹೋಗಿ ಬಾಗಿಲು ತಟ್ಟಿಲ್ಲ. ಅವಳು ಕೊಟ್ಟ ನೀರನ್ನು ನಾನು ಕುಡಿಯಲಾರದೆ ಕೈಯಲ್ಲೇ ಹಿಡಿದು ಕೂತಿದ್ದೆ.

ಸುಣ್ಣ ಬಣ್ಣ ಆಯಿತು. ನೆಲ ಕಿತ್ತು ಹೊಸದು ಹಾಕಿದರು. ನಾನು ನನ್ನ ಬಟ್ಟಲು, ನಿಂಬೆಹಣ್ಣು, ಕಾಫಿಯ ಸ್ಪ್ರೇ ತೆಗೆದುಕೊಂಡು ಹೋಗಿ ಸಿಂಗರಿಸಿದೆ. ಮನೆ ನೋಡಲು ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಹುಡುಗಿ ಮಲಗುವ ಕೋಣೆಯ ನಡುವೆ ನಿಂತು ಕಣ್ಣು ಮುಚ್ಚಿ ಉಸಿರೆಳೆದುಕೊಂಡು, "ಎಷ್ಟು ಚೆನ್ನಾಗಿದೆ ಘಮ, ಯಾರೋ ಖುಷಿಯಾಗಿ ಬಾಳಿದ ಮನೆ ಥರ ಇದೆ" ಅಂದಳು. ಮೆಟ್ಟಿಲ ಮೇಲೆ ಆದದ್ದಕ್ಕಿಂತ ಇದು ಕೆಟ್ಟದಾಗಿತ್ತು, ಆಗ ವಾಂತಿ ಮಾಡಿ ಹಗುರಾಗಿದ್ದೆ, ಈಗ ಹೊರಗೆ ಬರಲು ಏನೂ ಇರಲಿಲ್ಲ. ಬಾಯಿಂದ ಮಾತೇ ಬಂತು. "ಇಲ್ಲಿ ಒಬ್ರು ಸತ್ತಿದ್ರು. ನೀವು ನಿಂತಿರೋ ಜಾಗದಲ್ಲೇ ಮಂಚ ಇತ್ತು. ವಾರಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ." ಹುಡುಗಿ ಕಿರುಚುತ್ತಾಳೆ ಅಂದುಕೊಂಡೆ. ಹುಡುಗ ಅವಳ ಮುಖ ನೋಡಿದ, ಅವಳು ಅವನ ಮುಖ ನೋಡಿದಳು. ಆಮೇಲೆ ಅವನು ಮೆಲ್ಲಗೆ ಕೇಳಿದ, "ಹಾಗಾದ್ರೆ ರೇಟಲ್ಲಿ ಏನಾದ್ರೂ ಕಮ್ಮಿ ಆಗುತ್ತಾ?"

ನಾನು ಸ್ಪ್ರೇ ಡಬ್ಬಿಯನ್ನು ಅವನ ಕೈಗೆ ಕೊಟ್ಟು ಮನೆಗೆ ಬಂದುಬಿಟ್ಟೆ. ಮರುದಿನ ನಗುಮುಖ ಮೊದಲ ಸಲ ನಗದೆ ಮಾತಾಡಿದ. ಕೆಲಸ ಬಿಟ್ಟೆನೋ, ಬಿಡಿಸಿದರೋ, ಎರಡೂ ಒಟ್ಟಿಗೇ ಆಯಿತು. ಆದರೆ ಅವರಿಬ್ಬರು ಆ ಫ್ಲ್ಯಾಟನ್ನೇ ಕೊಂಡರು. ಚೌಕಾಶಿ ಗೆದ್ದಿತು.

ಮನೆಯಲ್ಲಿ ಕೂತ ದಿನಗಳ ವಿಷಯ ಏನು ಹೇಳಲಿ. ನಿನ್ನ ಭಾವ ನನ್ನನ್ನು ಕಾಯಿಲೆಯವಳ ಹಾಗೆ ನೋಡಿಕೊಂಡರು. ಅದು ಅವರು ಸಿಡುಕುವುದಕ್ಕಿಂತ ಹಿಂಸೆ. ಮಗಳು ಯಾವುದೋ ಶಿಬಿರಕ್ಕೆ ನನ್ನ ಹೆಸರು ಕೊಟ್ಟಳು, ನಡು ವಯಸ್ಸಿನಲ್ಲಿ ಬದುಕಿನ ಗುರಿ ಹುಡುಕಿಕೊಳ್ಳುವುದಕ್ಕೆ. ಹೋಟೆಲಿನ ತಣ್ಣಗಿನ ಸಭಾಂಗಣ, ಬಿಳಿ ಅಂಗಿ ತೊಟ್ಟ ತರಬೇತುದಾರ, ಕಿವಿಯಿಂದ ಕೆನ್ನೆಗೆ ಇಳಿದ ಮೈಕು. ನಿಮ್ಮೊಳಗಿನ ಬೆಳಕು, ನಿಮ್ಮೊಳಗಿನ ಮಗು, ನಿಮ್ಮೊಳಗಿನ ಸಿಂಹ ಅಂತ ಶುರು ಮಾಡಿದ. ಒಬ್ಬ ಮನುಷ್ಯನೊಳಗೆ ಇಷ್ಟೆಲ್ಲ ಇದ್ದರೆ ಕರುಳು ಎಲ್ಲಿರಬೇಕು? "ಬೆಳಗ್ಗೆ ಎದ್ದ ತಕ್ಷಣ ನಿಮ್ಮ ಮನಸ್ಸು ಏನು ಬೇಡುತ್ತೆ?" ಎಂದು ನನ್ನ ಕಡೆ ಕೈ ತೋರಿಸಿದ. "ಮುಖ ತೊಳ್ಕೋಬೇಕು ಅನ್ಸುತ್ತೆ" ಅಂದೆ. ಜನ ನಕ್ಕರು, ಅವನು ನಗಲಿಲ್ಲ. ಆಮೇಲೆ ಪಕ್ಕದವರನ್ನು ಅಪ್ಪಿಕೊಂಡು "ನೀವು ಅಮೂಲ್ಯ" ಅನ್ನಬೇಕಂತೆ. ನನ್ನ ಪಕ್ಕದಲ್ಲಿದ್ದವನ ಅಂಗಿ ಕಂಕುಳವರೆಗೆ ಒದ್ದೆಯಾಗಿತ್ತು. ನೀವು ಅಮೂಲ್ಯ ಎಂದು ದೂರದಿಂದಲೇ ಕೈ ಮುಗಿದು ಎದ್ದು ಬಂದೆ. ಆ ಮಾತುಗಳು ಬಾಯಲ್ಲಿ ಹಳಸಿದ ಸಕ್ಕರೆ ಪಾಕದ ಹಾಗೆ ಸಂಜೆಯವರೆಗೂ ಅಂಟಿಕೊಂಡಿದ್ದವು.

ಆದರೆ ಒಂದು ಯೋಚನೆ ಮಾತ್ರ ತಲೆಯಿಂದ ಹೋಗಲಿಲ್ಲ. ಆ ಟೈಲರ್ ಬದುಕಿದ್ದಾಗ ಯಾರಾದರೂ ಒಳಗೆ ಹೋಗಿದ್ದರೆ? ಬೇರೆ ಏನೂ ಅಲ್ಲ, ಬಾಗಿಲು ತಟ್ಟಿ ಒಳಗೆ ಹೋಗಿದ್ದರೆ? ಈ ಪ್ರಶ್ನೆ ಹಿಡಿದುಕೊಂಡು, ಅಂದು ಆ ಫ್ಲ್ಯಾಟ್ ಶುಚಿ ಮಾಡಿದ ತಂಡದ ಮುಖ್ಯಸ್ಥನನ್ನು ಹುಡುಕಿಕೊಂಡು ಹೋದೆ. ಎಲ್ಲರೂ ಅವನನ್ನು ಕೋಚ್ ಅನ್ನುತ್ತಾರೆ. ಮೊದಲು ಈಜು ಕಲಿಸುತ್ತಿದ್ದನಂತೆ, ಈಜುಕೊಳ ಮುಚ್ಚಿದ ಮೇಲೆ ಈ ಕೆಲಸ ಹಿಡಿದ. ಆನೆಯಂಥ ಆಳು, ಪಕ್ಕದಲ್ಲಿ ನಿಂತವನ ಜೊತೆಗೂ ಕೊಳದ ಆ ದಡಕ್ಕೆ ಕೇಳುವ ಹಾಗೆ ಮಾತಾಡುತ್ತಾನೆ. ಕೆಲಸದ ವ್ಯಾನಿನಲ್ಲಿ, ಆಸಿಡ್ಡು ಫಿನಾಯಿಲುಗಳ ನಡುವೆ ಕೂತು, ಡಬ್ಬಿಯಿಂದ ಬೇಯಿಸಿದ ಮೊಟ್ಟೆ ತೆಗೆದು ಬಾಯಿಗೆ ಎಸೆದುಕೊಳ್ಳುತ್ತಿರುತ್ತಾನೆ. ಅವನನ್ನು ನೋಡಿದರೇ ನನಗೆ ಹೊಟ್ಟೆ ತೊಳಸುತ್ತದೆ, ಈಗಲೂ. ನನಗೆ ಕೆಲಸ ಕೊಡಿ ಅಂದಾಗ ಮೊಟ್ಟೆ ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮಿದ. "ಮೇಡಂ, ಅವತ್ತು ಮೆಟ್ಟಿಲ ಮೇಲೆ ಕಕ್ಕಿದ್ದು ನೀವೇ ಅಲ್ವಾ?" "ಹೌದು, ನಾನೇ" ಅಂದೆ. ಸತ್ತವರ ಮನೆಗೆ ಬೇಡ, ಬದುಕಿರುವವರ ಮನೆಗೆ ಕಳಿಸಿ ಅಂದೆ. ಅವನು ತಲೆ ಕೆರೆದುಕೊಂಡ. "ಸತ್ತೋರ ಮನೆ ಸುಲಭ ಮೇಡಂ, ಬೈಯೋಕೆ ಯಾರೂ ಇರಲ್ಲ. ಬದುಕಿರೋರು ಕಚ್ಚೋಕೆ ಬರ್ತಾರೆ. ನಮ್ಮೋರು ಯಾರೂ ಹೋಗಲ್ಲ." ಹಾಗಾದರೆ ಆ ಜಾಗ ಖಾಲಿ ಇದೆ ಅಂತಾಯಿತು ಅಂದೆ.

ನನಗೆ ಸಿಕ್ಕ ಮೊದಲ ಮನೆ ಒಬ್ಬ ನಿವೃತ್ತ ದಂತವೈದ್ಯರದ್ದು. ಕಾಲೇಜಿನಲ್ಲಿ ಪಾಠ ಹೇಳಿದವರು, ವಿದ್ವಾಂಸರು. ಹೆಂಡತಿ ಹೋದ ಮೇಲೆ ಮನೆಯಿಂದ ಕಸ ಹೊರಗೆ ಹಾಕುವುದನ್ನು ನಿಲ್ಲಿಸಿದ್ದರು. ಬೇಕೆಂದೇ ಅಲ್ಲ. ಒಂದು ದಿನ ನಾಳೆ ಹಾಕೋಣ ಅಂದುಕೊಂಡರಂತೆ, ಆ ನಾಳೆ ಬರಲೇ ಇಲ್ಲ. ಬೀದಿಯವರು ದೂರು ಕೊಟ್ಟರು. ತಿಂಗಳೊಳಗೆ ಮನೆ ತೆರವು ಮಾಡದಿದ್ದರೆ ಬೀಗ ಹಾಕಿ ಅವರನ್ನು ಯಾವುದೋ ಆಶ್ರಯ ಮನೆಗೆ ಸೇರಿಸುತ್ತೇವೆ ಎಂದು ಆರೋಗ್ಯ ಇಲಾಖೆಯವರು ಬಾಗಿಲಿಗೆ ನೋಟಿಸು ಅಂಟಿಸಿದ್ದರು. ಅವರು ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿದ್ದರು. ಮೊದಲ ಸಲ ನಾನು ಹೋದಾಗ ಉತ್ತರವೇ ಇಲ್ಲ. ಎರಡನೆಯ ಸಲ, "ತೊಲಗು" ಎಂಬ ಒಂದೇ ಮಾತು. ಮತ್ತೊಂದು ಸಲ ಹೋಗಿ ಹೊಸ್ತಿಲ ಮೇಲೇ ಕೂತುಬಿಟ್ಟೆ. ಬಾಗಿಲಡಿಯಿಂದ ಬರುತ್ತಿದ್ದ ಗಾಳಿಗೆ ಕಣ್ಣಲ್ಲಿ ನೀರು. ಬಹಳ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂತು, "ನೀವು ಒಳಗೆ ಬಂದು ಮುಖ ಸಿಂಡರಿಸ್ತೀರಿ. ಅದನ್ನ ನಾನು ನೋಡಲಾರೆ." ಇಲ್ಲ ಸಾರ್, ನನಗೇನೂ ಅನ್ನಿಸುವುದಿಲ್ಲ, ಇದೆಲ್ಲ ನಮಗೆ ಮಾಮೂಲು ಎಂದು ಹೇಳಬೇಕಿತ್ತು. ಕೋಚ್ ಹಾಗೇ ಹೇಳಿಕೊಟ್ಟಿದ್ದ. ನನ್ನ ಬಾಯಿಗೆ ಬರಲಿಲ್ಲ. "ಸಿಂಡರಿಸ್ತೀನಿ ಸಾರ್. ನನಗೆ ಎಲ್ಲರಿಗಿಂತ ಹೇಸಿಗೆ ಜಾಸ್ತಿ. ವಾಂತಿನೂ ಮಾಡ್ಕೋಬಹುದು. ಆದ್ರೂ ಒಳಗೆ ಬರ್ತೀನಿ, ನಾಳೆನೂ ಬರ್ತೀನಿ" ಅಂದೆ. ಒಳಗೆ ಏನೋ ಉರುಳಿದ ಸದ್ದು, ಎಳೆದ ಸದ್ದು. ಚಿಲಕ ಸರಿಯಿತು.

ಪುಟ್ಟು, ಅಡುಗೆಮನೆಯ ಸಿಂಕಿನಲ್ಲಿ ನೀರಿರಲಿಲ್ಲ, ಅಂಬಲಿಯ ಹಾಗೆ ಏನೋ ಇತ್ತು, ಅದು ಅಲುಗಾಡುತ್ತಿತ್ತು. ಫ್ರಿಜ್ಜಿನ ಬಾಗಿಲು ತೆಗೆದವಳು ಹಾಗೇ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ, ಒಳಗಿನದು ಹೊರಗೆ ಬಂದುಬಿಡುತ್ತದೇನೋ ಎಂಬ ಹಾಗೆ. ಪಾಯಿಖಾನೆ ಕಟ್ಟಿಹೋಗಿ ವರ್ಷವಾಗಿತ್ತು. ಅವರು ಬಾಟಲಿಗಳನ್ನು ಬಳಸುತ್ತಿದ್ದರು, ಬಾಟಲಿಗಳು ಗೋಡೆಯುದ್ದಕ್ಕೂ ಸಾಲಾಗಿದ್ದವು. ಹೇಳಿದ ಹಾಗೇ ವಾಂತಿ ಮಾಡಿಕೊಂಡೆ. ಅವರು ಬೆನ್ನು ತಿರುಗಿಸಿ ನಿಂತಿದ್ದರು, ಮುಜುಗರ ಆಗದಿರಲಿ ಅಂತ. ಯಾರಿಗೆ ಆಗದಿರಲಿ ಅಂತಲೋ ಗೊತ್ತಿಲ್ಲ. ಬಾಯಿ ತೊಳೆಯಲು ಮನೆಯಲ್ಲಿ ನೀರಿರಲಿಲ್ಲ. ಇಬ್ಬರೂ ಹೊರಗೆ ಬಂದು ಬೀದಿಯ ನಲ್ಲಿಯ ಹತ್ತಿರ ನಿಂತೆವು. ಎದುರು ಮನೆಯ ಕಿಟಕಿಯಿಂದ ಯಾರೋ ನಮ್ಮಿಬ್ಬರ ಫೋಟೋ ತೆಗೆದುಕೊಂಡರು. ಆ ಕಿಟಕಿಯ ಕಡೆ ನೋಡಿ ನಾನು ಅಂದ ಮಾತನ್ನು ಕಾಗದದಲ್ಲಿ ಬರೆಯಲಾರೆ.

ಅದೆಲ್ಲಕ್ಕಿಂತ ವಿಚಿತ್ರವಾದದ್ದು ದವಡೆಗಳು. ಹಲ್ಲು ಕಟ್ಟಿಸಲು ಬಂದವರ ಬಾಯಿಯ ಅಳತೆಗೆ ಪ್ಲಾಸ್ಟರಿನಲ್ಲಿ ಅಚ್ಚು ತೆಗೆಯುತ್ತಾರಲ್ಲ, ಆ ಅಚ್ಚುಗಳು. ತಮ್ಮ ವೃತ್ತಿಯುದ್ದಕ್ಕೂ ತೆಗೆದ ಒಂದನ್ನೂ ಅವರು ಬಿಸಾಕಿರಲಿಲ್ಲ. ಮಂಚದ ಮೇಲೆ, ಕುರ್ಚಿಯ ಮೇಲೆ, ಹೆಂಡತಿಯ ಸೀರೆಗಳ ಬೀರುವಿನಲ್ಲಿ, ಎಲ್ಲೆಲ್ಲೂ ಬಿಳಿ ಹಳದಿ ದವಡೆಗಳು ಹಲ್ಲು ಕಿರಿದುಕೊಂಡು ಕೂತಿದ್ದವು. ಮಲಗಲು ಜಾಗವಿಲ್ಲದೆ ಅವರು ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಬೇರೆ ಏನನ್ನು ಬೇಕಾದರೂ ತೆಗೆಯಿರಿ, ಇವನ್ನು ಮುಟ್ಟಬೇಡಿ ಅಂದರು. "ಇವು ಜನ ಕಣಮ್ಮ. ನನ್ನ ಮುಂದೆ ನಂಬಿ ಬಾಯಿ ತೆಗೆದ ಜನ." ನನಗೆ ಅವುಗಳನ್ನು ನೋಡಿದರೆ ಮೈ ಜುಮ್ಮೆನ್ನುತ್ತಿತ್ತು. ಬೇರೆಯವರ ಬಾಯಿ ನನಗೆ ಅವರ ಬಾಚಣಿಗೆಗಿಂತ ಅಸಹ್ಯ. ಆದರೂ ಆಯಿತು ಎಂದು ಮಾತು ಕೊಟ್ಟೆ.

ಮಾತು ಕೊಟ್ಟಿದ್ದು ನಾನು, ಕೋಚ್ ಅಲ್ಲವಲ್ಲ. ಇಲಾಖೆಯವರು ಪರೀಕ್ಷೆಗೆ ಬರುವ ದಿನ ಹತ್ತಿರವಾಗುತ್ತಿತ್ತು. ಭಾರ ಹೊರಲು ಅವನನ್ನೂ ಅವನ ಆಳುಗಳನ್ನೂ ಕರೆಸಿದ್ದೆ. ನಾನು ಸ್ನಾನದ ಕೋಣೆಯ ಪಾಚಿ ಉಜ್ಜುತ್ತಿದ್ದಾಗ ಅಂಗಳದಲ್ಲಿ ದೊಡ್ಡ ಸದ್ದಾಯಿತು. ಓಡಿ ಬಂದು ನೋಡಿದರೆ ಕೋಚ್ ಒಂದು ಪೆಟ್ಟಿಗೆ ದವಡೆಗಳನ್ನು ಎತ್ತಿ ಕಸದ ಲಾರಿಗೆ ಸುರಿದಿದ್ದಾನೆ. ಚೂರುಚೂರು. ದಂತವೈದ್ಯರು ಹೊಸ್ತಿಲ ಮೇಲೆ ಕುಸಿದು ಕೂತರು. ಅವರ ಪೈಜಾಮ ಒದ್ದೆಯಾಯಿತು, ಅದು ಮೆಟ್ಟಿಲಿಳಿದು ನನ್ನ ಬೂಟಿನವರೆಗೂ ಹರಿದು ಬಂತು. ನಾನು ಸರಿಯಲಿಲ್ಲ. ಸರಿಯಬಾರದೆಂದು ಅಲ್ಲ, ನನಗೆ ಆಗ ಕೋಚ್‌ನನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. "ಅದು ಕಸ ಅಲ್ಲ ಅಂತ ಹೇಳಿರಲಿಲ್ವಾ?" "ಹಲ್ಲು ಮೇಡಂ! ಯಾರ್ಯಾರದೋ ಹಲ್ಲು! ಇಲಾಖೆಯೋರು ಇದನ್ನೆಲ್ಲ ನೋಡಿದ್ರೆ ಮುದುಕಪ್ಪನ್ನ ಎತ್ತಾಕ್ಕೊಂಡು ಹೋಗ್ತಾರೆ!" "ಹೋದ್ರೆ ನಾನು ಅಡ್ಡ ಮಲಗ್ತೀನಿ. ಇನ್ನೊಂದು ಪೆಟ್ಟಿಗೆ ಮುಟ್ಟಿದ್ರೆ ನಿಮ್ಮ ಹಲ್ಲೂ ಅದರೊಳಗೆ ಇರುತ್ತೆ." ಇಂಥ ಮಾತು ನನ್ನ ಬಾಯಿಂದ ಬಂತೆಂದರೆ ನಂಬುತ್ತೀಯಾ? ಬೀದಿಯವರೆಲ್ಲ ನಿಂತು ನೋಡುತ್ತಿದ್ದರು. ಆ ಆನೆ ಕೈಯಲ್ಲಿದ್ದ ಖಾಲಿ ಪೆಟ್ಟಿಗೆಯನ್ನು ಕೆಳಗಿಟ್ಟ. ಆಮೇಲೆ ಹೋಗಿ ದಂತವೈದ್ಯರ ಪಕ್ಕದಲ್ಲಿ, ಆ ಒದ್ದೆಯ ಮೇಲೇ ಕೂತ. ಡಬ್ಬಿ ತೆಗೆದು, ಅದೇ ಕೊಳಕು ಕೈಯಲ್ಲಿ ಒಂದು ಮೊಟ್ಟೆ ಸುಲಿದು ಅವರ ಕೈಗಿಟ್ಟ. "ತಪ್ಪಾಯ್ತು ಸಾರ್" ಅಂದ, ಕೊಳದ ಆ ದಡಕ್ಕೆ ಕೇಳದ ದನಿಯಲ್ಲಿ. ಅವರು ಅದನ್ನು ತಿಂದರು! ನನಗೆ ಅಳುವೂ ಬಂತು, ಓಕರಿಕೆಯೂ ಬಂತು, ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ಗೋಡೆ ಹಿಡಿದು ನಿಂತೆ.

ಉಳಿದ ದವಡೆಗಳಿಗೆ ನಾನು ಹಿಂದಿನ ಕೋಣೆಯಲ್ಲಿ ಹಲಗೆ ಹೊಡೆಸಿದೆ. ಒಂದೊಂದನ್ನೂ ನಾವಿಬ್ಬರೂ ಕೂತು ಬ್ರಷ್ಷಿನಲ್ಲಿ ತೊಳೆದೆವು. ತೊಳೆಯುತ್ತಾ ಅವರು ಹೇಳುತ್ತಿದ್ದರು, ಇದು ಒಬ್ಬ ಹಾಡುಗಾರ್ತಿಯದು, ಇದು ಊರ ತುಂಬ ಸಾಲ ಮಾಡಿದ ಕಟುಕನದು, ಇದು ಹೆಂಡತಿಯದು. ಹೆಂಡತಿಯದನ್ನು ಅವರು ನನ್ನ ಕೈಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ. ಪರೀಕ್ಷೆಗೆ ಬಂದ ಅಧಿಕಾರಿ ಕರವಸ್ತ್ರ ಮೂಗಿಗೆ ಒತ್ತಿಕೊಂಡೇ ಮನೆಯೆಲ್ಲ ಸುತ್ತಿದಳು. ದವಡೆಗಳ ಕೋಣೆಯ ಬಾಗಿಲಲ್ಲಿ "ಅಯ್ಯೋ, ಹೇಸಿಗೆ!" ಎಂದು ಹಿಂದೆ ಹಾರಿದಳು. ಹೇಸಿಗೆಯೇ, ಆದರೆ ಕೊಳಕಲ್ಲ, ಬೇಕಾದರೆ ಮುಟ್ಟಿ ನೋಡಿ ಅಂದೆ. ಅವಳು ಮುಟ್ಟಲಿಲ್ಲ. ನಡೆಯಲು ದಾರಿ ಇದೆ, ಒಲೆ ಉರಿಯುತ್ತೆ, ನೀರು ಹೋಗುತ್ತೆ, ಸಾಕು ಎಂದು ಬಾಗಿಲ ಮೇಲಿನ ನೋಟಿಸನ್ನು ಕಿತ್ತುಕೊಂಡು ಹೋದಳು.

ಆಮೇಲೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡ. ಅವರ ಅಡುಗೆಮನೆ ಈಗ ಮತ್ತೆ ಅರ್ಧ ತುಂಬಿದೆ. ವಾರಕ್ಕೊಂದು ಸಲ ಹೋಗುತ್ತೇನೆ, ಜಗಳ ಆಡುತ್ತೇನೆ, ಎರಡು ಚೀಲ ಹೊರಗೆ ತರುತ್ತೇನೆ. ಅವರು ನನಗೆ ಕೃತಜ್ಞರಾಗಿದ್ದಾರೆ ಅಂತಲೂ ಅಲ್ಲ. ಒಂದು ಸಲ ನಾನು ನಕ್ಕಾಗ ಹತ್ತಿರ ಬಂದು ನೋಡಿ ಮುಖ ಸಿಂಡರಿಸಿದರು. "ಥೂ, ಏನಮ್ಮ ಇದು ಒಸಡು? ಇದನ್ನ ಬಾಯಲ್ಲಿ ಇಟ್ಕೊಂಡು ಹೇಗೆ ಊಟ ಮಾಡ್ತೀರಿ? ನನಗೆ ವಾಕರಿಕೆ ಬರುತ್ತೆ." ನನಗೆ ಎಷ್ಟು ನಗು ಬಂತೆಂದರೆ ಬಾಯಿ ಮುಚ್ಚಲು ಆಗಲಿಲ್ಲ, ಅವರಿಗೆ ಇನ್ನೂ ಅಸಹ್ಯವಾಯಿತು. ಆದರೆ ರಾತ್ರಿ ಮಂಚದ ಮೇಲೆ ಮಲಗುತ್ತಾರೆ. ಬಾಗಿಲು ತಟ್ಟಿದರೆ ಬೈದುಕೊಂಡಾದರೂ ತೆಗೆಯುತ್ತಾರೆ.

ಅಲ್ಲಿಂದೀಚೆಗೆ ಅಂಥ ಎಷ್ಟೋ ಬಾಗಿಲುಗಳ ಮುಂದೆ ಕೂತಿದ್ದೇನೆ. ಒಬ್ಬ ಬಸ್ ಚಾಲಕ, ಒಬ್ಬಳು ಸಂಗೀತದ ಮೇಷ್ಟರ ಮಗಳು, ಒಬ್ಬ ಮಾಜಿ ನ್ಯಾಯಾಧೀಶ. ಕೆಲವರು ತೆಗೆಯುವುದೇ ಇಲ್ಲ. ನನ್ನ ಹೇಸಿಗೆ ಹೋಗಿದೆ ಅಂತ ತಿಳಿಯಬೇಡ, ಒಂದು ಚೂರೂ ಹೋಗಿಲ್ಲ. ಈಗಲೂ ಕೈಗೆ ಎರಡೆರಡು ಗ್ಲೌಸು, ಮೂಗಿನ ಕೆಳಗೆ ಕರ್ಪೂರದೆಣ್ಣೆ. ಹಾಲಿನ ಕೆನೆ ಈಗಲೂ ಆಗುವುದಿಲ್ಲ. ಆದರೆ ಸಂಜೆ ಮನೆಗೆ ಬಂದು ಸ್ನಾನ ಮಾಡಿದರೆ ಅದು ಇಳಿದು ಹೋಗುತ್ತದೆ, ಪುಟ್ಟು. ಆ ಕಾಫಿ ಸ್ಪ್ರೇಯ ವಾಸನೆ ಎಷ್ಟು ತೊಳೆದರೂ ಇಳಿಯುತ್ತಿರಲಿಲ್ಲ. ನೆಂಟರ ಮನೆಗೆ ಹೋದರೆ ನಮ್ಮ ಚಿಕ್ಕಮ್ಮ ಸೋಫಾದ ಮೇಲೆ ಟವೆಲ್ ಹಾಸಿ ನನ್ನನ್ನು ಕೂರಿಸುತ್ತಾಳೆ. ಅದಾದರೂ ತಡೆದುಕೊಳ್ಳಬಹುದು. "ಎಂಥಾ ಪುಣ್ಯದ ಕೆಲಸ, ನೀವು ದೇವರು" ಎಂದು ಎರಡು ಮಾರು ದೂರದಿಂದ ಕಣ್ಣೊರೆಸಿಕೊಳ್ಳುವವರನ್ನು ಕಂಡರೆ ಮಾತ್ರ ನನಗೆ ಆ ಸಿಂಕು ನೆನಪಾಗುತ್ತದೆ. ನಿನ್ನ ಭಾವ ಮೊದಲು ನಾನು ಬಂದ ಕೂಡಲೇ ಮೂಗರಳಿಸಿ ಹುಡುಕುತ್ತಿದ್ದರು. ಈಗ ನಾನು ಬರುವ ಹೊತ್ತಿಗೆ ಹಿತ್ತಿಲ ಬಾಗಿಲ ಹತ್ತಿರ ಬಿಸಿನೀರಿನ ಬಕೆಟ್ ಇಟ್ಟಿರುತ್ತಾರೆ, "ಇವತ್ತು ಯಾರ ಮನೆ?" ಅನ್ನುತ್ತಾರೆ. ಹೇಳುತ್ತೇನೆ. ಪೂರ್ತಿ ಕೇಳಿಸಿಕೊಂಡು, "ಊಟಕ್ಕೆ ಸ್ವಲ್ಪ ಹೊತ್ತು ಬಿಡೋಣ" ಅನ್ನುತ್ತಾರೆ.

ತಲೆ ಕೆಟ್ಟಿದೆಯಾ ಎಂದು ಕೇಳಿದೆಯಲ್ಲ, ಉತ್ತರ ಇಷ್ಟೇ. ಐವತ್ತರ ಹೊಸ್ತಿಲಲ್ಲಿ ನನಗೆ ಒಂದು ಕೆಲಸ ಸಿಕ್ಕಿದೆ. ನಾನು ಹೋಗದಿದ್ದರೆ ಅಲ್ಲಿಗೆ ಯಾರೂ ಹೋಗುವುದಿಲ್ಲ. ಇದಕ್ಕೆ ಆ ಬಿಳಿ ಅಂಗಿಯವನು ಏನೆಂದು ಹೆಸರಿಡುತ್ತಿದ್ದನೋ ಏನೋ.

ಕಾಗದ ಉದ್ದವಾಯಿತು. ಕೈ ನೋಯುತ್ತಿದೆ. ಬಿಸಿನೀರಿನಲ್ಲಿ ಸ್ನಾನ ಮಾಡು, ಮಂಡಿಗೆ ಎಣ್ಣೆ ತಿಕ್ಕು, ಕಿಟಕಿ ತೆಗೆದಿಡು. ಭಾವ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದರು. ಮಗಳು ಏನೂ ಹೇಳಲಿಲ್ಲ, ಆದರೆ ನಾನು ಬರೆಯುವಾಗ ಎರಡು ಸಲ ಬಂದು ಇಣುಕಿದಳು. ನೀನು ನೂರು ಕಾಲ ಬಾಳು, ಅದರಲ್ಲಿ ಅರ್ಧವಾದರೂ ನನ್ನ ಜೊತೆ ಜಗಳ ಆಡುತ್ತಾ ಬಾಳು.

ನಿನ್ನ
ಅಕ್ಕ

ಮರೆತೆ: ನಿನ್ನ ಕೆಳಗಿನ ಮನೆಯ ಹೊಲಿಗೆ ಟೀಚರ್ ನನ್ನ ನಂಬರ್ ಎಲ್ಲಿಂದಲೋ ಹುಡುಕಿ ಮೊನ್ನೆ ಫೋನ್ ಮಾಡಿದ್ದರು. ಅವರ ಮೇಲೆ ಸಿಟ್ಟಾಗಬೇಡ, ಸೆಂಟ್ ಹೊಡೆದುಕೊಂಡು ಸುಮ್ಮನಿರದೆ ಫೋನ್ ಮಾಡಿದರಲ್ಲ, ಅವರ ಕಾಲಿಗೆ ಬೀಳಬೇಕು ನಾನು. ವಾಸನೆಯ ವಿಷಯ ಹೇಳಿದರು. ನೀನು ಚಳಿಗಾಲದಿಂದ ಕೆಳಗೆ ಇಳಿದಿಲ್ಲ ಎಂದರು. ಹೋದ ವಾರ ಬಾಗಿಲು ತಟ್ಟಿದಾಗ ಒಳಗಿನಿಂದ "ಚೆನ್ನಾಗಿದ್ದೀನಿ" ಅಂದೆಯಂತೆ, ಅದನ್ನೂ ಹೇಳಿದರು. ಇಪ್ಪತ್ತನೇ ತಾರೀಖು, ಗುರುವಾರ, ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ಒಬ್ಬಳೇ, ಕೋಚ್ ಇಲ್ಲ, ಯಾರೂ ಇಲ್ಲ. ಮನೆ ಸರಿಮಾಡಲು ಹೋಗಬೇಡ, ಏನನ್ನೂ ಬಚ್ಚಿಡಬೇಡ. ಬಾಗಿಲ ಹಿಂದೆ ಇರುವುದನ್ನು ಮಾತ್ರ ದಿನಕ್ಕಿಷ್ಟು ಪಕ್ಕಕ್ಕೆ ಸರಿಸಿಡು, ನಾನು ಒಳಗೆ ತೂರುವಷ್ಟು ಸಂದಿಯಾದರೆ ಸಾಕು. ಈಚೆಗೆ ನಾನು ಸ್ವಲ್ಪ ದಪ್ಪ ಆಗಿದ್ದೇನೆ, ಅದನ್ನೂ ಲೆಕ್ಕಕ್ಕೆ ಹಿಡಿ.